‘ಅರ್ಥ ಆಯ್ತು ಮಿಸ್’ ಎಂಬ ಸುಳ್ಳು

ಐದು ಸ್ಟಾರು, ಹೆಬ್ಬೆರಳಿನ ಚಿತ್ರ, ‘ಸೂಪರ್ ಸಾರ್’ ಎಂಬ ಮೆಸೇಜು. ನಮ್ಮ ಮೇಷ್ಟ್ರುಗಳು ಸ್ವಂತ ಶ್ರಮದಿಂದ ಕಟ್ಟಿದ ಆನ್‌ಲೈನ್ ಪಾಠಗಳಿಗೆ ಸಿಗುವ ಪ್ರತಿಕ್ರಿಯೆ ಹೆಚ್ಚೂಕಡಿಮೆ ಇಷ್ಟೇ. ಇದರಿಂದ ಮನಸ್ಸಿಗೆ ಖುಷಿ, ಪಾಠಕ್ಕೆ ಸೊನ್ನೆ. ಹಾಗಾದರೆ ಯಾರನ್ನು ಕೇಳಬೇಕು? ಕೇಳುವುದನ್ನು ಬಿಟ್ಟು ಪಕ್ಕದಲ್ಲಿ ಕೂತು ನೋಡಬೇಕು!

ಬೆಳಗಿನ ಹೊತ್ತು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೈಗೆ ಕೆಲಸ ಜಾಸ್ತಿ, ಬಾಯಿಗೆ ಕಡಿಮೆ. ಕನಕಪುರದ ಕಡೆಯಿಂದ ನಸುಕಿನಲ್ಲೇ ಹೊರಟು ಬಂದ ಗೂಡು ತಟ್ಟೆಗಳಲ್ಲಿ ಹರಡಿಕೊಂಡಿದೆ. ರೀಲರ್ ಬರುತ್ತಾನೆ. ಬೊಗಸೆ ತುಂಬ ಎತ್ತುತ್ತಾನೆ, ಒಂದೆರಡನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ, ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾನೆ, ಏನೂ ಹೇಳದೆ ಮುಂದಿನ ರಾಶಿಗೆ ಹೋಗುತ್ತಾನೆ. ಇ-ಹರಾಜು ಬಂದ ಮೇಲೆ ಕೂಗಾಟವೂ ಇಲ್ಲ. ಬಿಡ್ ಮೊಬೈಲಿನಲ್ಲೇ ನಡೆಯುತ್ತದೆ, ರೈತನಿಗೆ ಒಂದು ದರ ಬಂದು ಮುಟ್ಟುತ್ತದೆ. ಒಪ್ಪಿದರೆ ತೂಕಕ್ಕೆ, ಇಲ್ಲದಿದ್ದರೆ ಇಲ್ಲ.

ಆ ದರ ಯಾಕೆ ಅಷ್ಟೇ ಎಂದು ಯಾರೂ ಹೇಳುವುದಿಲ್ಲ. ಹಣ್ಣಾದ ಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟದ್ದು ತಡವಾಯಿತೆ, ಹುಳುಮನೆಗೆ ಗಾಳಿ ಸಾಲದಾಯಿತೆ, ಊಜಿ ನೊಣ ಕಾಟ ಕೊಟ್ಟಿತೆ? ಗೂಡಿನ ನಿಜವಾದ ಯೋಗ್ಯತೆ ಗೊತ್ತಾಗುವುದು ಆಮೇಲೆ, ಬಿಚ್ಚಾಣಿಕೆ ಮಾಡುವಲ್ಲಿ, ಬಿಸಿನೀರಿನ ಮುಂದೆ. ಎಳೆ ಎಷ್ಟು ಸಲ ಕಡಿಯಿತು, ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕಾಯಿತು? ಕಸುಬಿನವರು ಇದಕ್ಕೆ ರೆಂಡಿಟ್ಟ ಎನ್ನುತ್ತಾರೆ. ರೆಂಡಿಟ್ಟ ರೀಲರ್ ಹತ್ತಿರವೇ ಉಳಿಯುತ್ತದೆ. ರೈತ ಊರಿಗೆ ಒಯ್ಯುವುದು ದರವನ್ನು ಮಾತ್ರ.

ಇದೇ ಜಿಲ್ಲೆಯ ಶಾಲೆಗಳಲ್ಲಿ ಶಿಕ್ಷಕರು ತಾವೇ ತಯಾರಿಸುವ ಆನ್‌ಲೈನ್ ಪಾಠಗಳ ಗತಿಯೂ ಹೀಗೆಯೇ ಇದೆ. ದರ ತಿಳಿಯುತ್ತದೆ, ರೆಂಡಿಟ್ಟ ತಿಳಿಯುವುದಿಲ್ಲ. ಎಷ್ಟು ಜನ ನೋಡಿದರು, ಎಷ್ಟು ಲೈಕು, ಎಷ್ಟು ಸ್ಟಾರು ಎಂಬ ಸಂಖ್ಯೆ ತಕ್ಷಣ ಕೈಗೆ ಬರುತ್ತದೆ. ಪಾಠ ಕೇಳಿದ ಮಗುವಿಗೆ ಯಾವ ಜಾಗದಲ್ಲಿ ಎಳೆ ಕಡಿಯಿತು ಎನ್ನುವುದು ಮಾತ್ರ ಪಾಠ ಮಾಡಿದವರ ತನಕ ಬರುವುದೇ ಇಲ್ಲ.

ಸೆಪ್ಟೆಂಬರ್ 5 ಶಿಕ್ಷಕರ ದಿನ. ಶಾಲೆಗಳ ಡಿಜಿಟಲ್ ವೇದಿಕೆ ‘ದೀಕ್ಷಾ’ ಶುರುವಾದದ್ದೂ 2017ರ ಅದೇ ದಿನ. ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ಪಾಠದ ವಿಡಿಯೊ ತೆರೆಯುತ್ತದೆ ಎಂಬ ಕಲ್ಪನೆಯೇ ಆಗ ಹೊಸದು. ಅದಕ್ಕೂ ಮೊದಲೇ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಕಟ್ಟಿ, ಪ್ರೌಢಶಾಲೆ ಶಿಕ್ಷಕರ ಕೈಯಲ್ಲೇ ಪಾಠ ಬರೆಸಿದ್ದವು. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಈ ಕೆಲಸ ಕೆಲವರ ಹವ್ಯಾಸವಾಗಿ ಉಳಿಯಲಿಲ್ಲ. ಚಂದನ ವಾಹಿನಿಯಲ್ಲಿ ‘ಸೇತುಬಂಧ’, ‘ಸಂವೇದ’ ಪಾಠಗಳು ಬಂದವು, ಆಗಸ್ಟಿನಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ‘ವಿದ್ಯಾಗಮ’ ಬಂತು, ಇತ್ತ ಹಳ್ಳಿ ಶಾಲೆಯ ಶಿಕ್ಷಕಿಯರು ಅಡುಗೆಮನೆಯ ಡಬ್ಬಗಳ ಮೇಲೆ ಫೋನು ನಿಲ್ಲಿಸಿಕೊಂಡು ಪಾಠ ರೆಕಾರ್ಡ್ ಮಾಡಿದರು. ಶಾಲೆಯಾಚೆಯೂ ಅದೇ ಗಾಳಿ. ಚಾಕಿ ಹುಳು ಸಾಕುವ ಬಗೆ, ಹಿಪ್ಪುನೇರಳೆ ಸವರುವ ಬಗೆ, ಕೊನೆಗೆ ಚನ್ನಪಟ್ಟಣದ ಗೊಂಬೆ ಕಡೆಯುವ ಬಗೆಯೂ ಯೂಟ್ಯೂಬಿನಲ್ಲಿ ಪಾಠಗಳಾಗಿವೆ. ತಯಾರಿಸುವ ಕಷ್ಟವನ್ನು ನಾವು ಕಲಿತೆವು. ತಯಾರಿಸಿದ್ದನ್ನು ಪರೀಕ್ಷಿಸಿ ತಿದ್ದುವ ಅಭ್ಯಾಸ ಮಾತ್ರ ಜೊತೆಗೆ ಬರಲಿಲ್ಲ.

ಕೇಳಿದರೆ ಸಿಗುವುದು ಮರ್ಯಾದೆ

ಪಾಠದ ಕೊನೆಯಲ್ಲಿ ‘ಅರ್ಥ ಆಯ್ತಾ?’ ಎಂದು ಕೇಳುವುದು ನಮ್ಮ ತರಗತಿಗಳ ಹಳೆಯ ರೂಢಿ. ‘ಆಯ್ತು ಮಿಸ್’ ಎಂಬ ಒಕ್ಕೊರಲು ಅದಕ್ಕೆ ಸಿದ್ಧ ಉತ್ತರ. ಮಗು ಸುಳ್ಳು ಹೇಳುತ್ತಿಲ್ಲ, ಮರ್ಯಾದೆ ಕೊಡುತ್ತಿದೆ. ಜೊತೆಗೆ ಬೇಗ ಆಟಕ್ಕೆ ಹೋಗುವ ಆಸೆಯೂ ಇದೆ. ಅದೇ ಮಗುವಿಗೆ ಸ್ಲೇಟು ಕೊಟ್ಟು ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸು ಎಂದರೆ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದನೇ ಎರಡು ಎಂದು ಬರೆದೀತು. ‘ಅರ್ಥ ಆಯ್ತು’ ಮತ್ತು ‘ಐದನೇ ಎರಡು’ ಒಂದೇ ಮಗುವಿನ, ಒಂದೇ ನಿಮಿಷದ ಎರಡು ಉತ್ತರಗಳು. ಪಾಠ ತಿದ್ದಲು ಎರಡನೆಯದು ಬೇಕು. ಆನ್‌ಲೈನ್ ಪಾಠದ ಕೆಳಗೆ ನಾವು ಜೋಡಿಸುವ ಅಭಿಪ್ರಾಯದ ನಮೂನೆ ಮೊದಲನೆಯದನ್ನು ಮಾತ್ರ ಕೇಳುತ್ತದೆ.

ತರಬೇತಿಗಳ ಮೌಲ್ಯಮಾಪನಕ್ಕೆ ಇಂದಿಗೂ ಜಗತ್ತೆಲ್ಲ ಬಳಸುವ ನಾಲ್ಕು ಮೆಟ್ಟಿಲುಗಳನ್ನು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದಿಟ್ಟರು: ಹಿಡಿಸಿತೆ, ಕಲಿತರೆ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೆ, ಫಲ ಸಿಕ್ಕಿತೆ. ನಮ್ಮ ಶಿಕ್ಷಕರ ತರಬೇತಿಗಳ ಕೊನೆಯ ದಿನದ ‘ಅನಿಸಿಕೆ’ ಕಾರ್ಯಕ್ರಮ ಮೊದಲ ಮೆಟ್ಟಿಲಲ್ಲೇ ಕಾಲು ಚಾಚಿ ಕೂರುತ್ತದೆ. ತರಬೇತಿ ಚೆನ್ನಾಗಿತ್ತು, ಸಂಪನ್ಮೂಲ ವ್ಯಕ್ತಿಗಳು ಚೆನ್ನಾಗಿ ಹೇಳಿದರು, ಊಟವೂ ಚೆನ್ನಾಗಿತ್ತು. (ಊಟದ ಬಗ್ಗೆ ಮಾತ್ರ ಕೆಲವೊಮ್ಮೆ ನಿಷ್ಠುರ ಅಭಿಪ್ರಾಯ ಬರುವುದುಂಟು.)

ಹಿಡಿಸಿದ್ದಕ್ಕೂ ಕಲಿತದ್ದಕ್ಕೂ ನಂಟಿದ್ದರೆ ಇದು ದೊಡ್ಡ ತಪ್ಪೇನಲ್ಲ. ಆದರೆ ಆ ನಂಟು ಬಹಳ ಸಡಿಲ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಒಂದು ಪ್ರಯೋಗ ನಡೆದು 2019ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸೊಗಸಾದ ಉಪನ್ಯಾಸ, ಇನ್ನೊಂದಕ್ಕೆ ಗುಂಪಿನಲ್ಲಿ ಕೂತು ಲೆಕ್ಕ ಬಿಡಿಸುವ ಕೆಲಸ. ಪರೀಕ್ಷೆಯಲ್ಲಿ ಲೆಕ್ಕ ಬಿಡಿಸಿದವರು ಮುಂದಿದ್ದರು. ‘ಎಷ್ಟು ಕಲಿತೆ ಅನಿಸುತ್ತದೆ?’ ಎಂಬ ಪ್ರಶ್ನೆಗೆ ಉಪನ್ಯಾಸ ಕೇಳಿದವರು ಹೆಚ್ಚು ಅಂಕ ಕೊಟ್ಟುಕೊಂಡರು. ತಿಣುಕಾಡಿದವನಿಗೆ ತನಗೆ ಬರುವುದಿಲ್ಲ ಎನಿಸುತ್ತದೆ, ಆರಾಮಾಗಿ ಕೇಳಿದವನಿಗೆ ಎಲ್ಲ ಬರುತ್ತದೆ ಎನಿಸುತ್ತದೆ. ಸ್ಟಾರುಗಳನ್ನು ನಂಬಿ ಪಾಠ ತಿದ್ದುವ ಶಿಕ್ಷಕಿ, ಪಾಪ, ಮಕ್ಕಳನ್ನು ಕೆಲಸಕ್ಕೆ ಹಚ್ಚುವ ಭಾಗವನ್ನೇ ಕಿತ್ತುಹಾಕಿ ಹಾಡು, ಬಣ್ಣ, ಕುಣಿತ ಹೆಚ್ಚಿಸುವ ಅಪಾಯವೇ ಹೆಚ್ಚು.

ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ

ಕಲಿಯುವವರನ್ನು ಬಿಡಿ, ಪಾಠವನ್ನು ಒಪ್ಪಿ ಪ್ರಕಟಿಸುವ ಪರಿಶೀಲಕರಿದ್ದಾರಲ್ಲ ಎನ್ನಬಹುದು. ಇದ್ದಾರೆ. ದೀಕ್ಷಾದ ಹಿಂದಿರುವ ‘ಸನ್‌ಬರ್ಡ್’ ತಂತ್ರಾಂಶದಲ್ಲಿ ಪಾಠ ತಯಾರಿಸಿದವರು ಅದನ್ನು ಪರಿಶೀಲನೆಗೆ ಕಳಿಸುತ್ತಾರೆ. ಪರಿಶೀಲಕರು ಪ್ರಕಟಿಸಬಹುದು ಇಲ್ಲವೆ ಬದಲಾವಣೆ ಕೋರಿ ಹಿಂದಕ್ಕೆ ಕಳಿಸಬಹುದು. ಅವರ ಮುಂದೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ದ್ವೇಷದ ಮಾತು, ಅಶ್ಲೀಲತೆ ಇಲ್ಲ ತಾನೆ? ಶೀರ್ಷಿಕೆ ಸರಿಯಿದೆಯೆ? ತರಗತಿ, ವಿಷಯ, ಮಾಧ್ಯಮ ಸರಿಯಾಗಿ ನಮೂದಾಗಿದೆಯೆ? ಧ್ವನಿ ಸ್ಪಷ್ಟವೆ, ಕಾಗುಣಿತ ಸರಿಯೆ, ಭಾಷೆ ಸರಳವೆ? ಎಲ್ಲವೂ ಬೇಕಾದ ಪ್ರಶ್ನೆಗಳೇ. ಆದರೆ ಈ ಪಾಠ ನೋಡಿದ ಒಂದು ಮಗುವಾದರೂ ಪಾಠ ಹೇಳಿಕೊಟ್ಟ ಕೆಲಸವನ್ನು ಮಾಡಿ ತೋರಿಸಿತೆ ಎಂದು ಪಟ್ಟಿ ಕೇಳುವುದಿಲ್ಲ. ಕಚೇರಿಯಲ್ಲಿ ಕೂತವರು ಉತ್ತರಿಸಬಹುದಾದದ್ದನ್ನಷ್ಟೇ ಪಟ್ಟಿ ಕೇಳುತ್ತದೆ. ತಪ್ಪು ಪರಿಶೀಲಕರದ್ದಲ್ಲ, ಉತ್ತರ ಇರುವುದು ಮಾಗಡಿಯ ಯಾವುದೋ ಶಾಲೆಯ ಜಗಲಿಯಲ್ಲಿ.

ಪಾಠ ಮಾಡಿದವರಿಗೇ ತಮ್ಮ ಪಾಠದ ತೊಡಕು ಕಾಣಬಾರದೇಕೆ? ಅವರಿಗೆ ವಿಷಯ ಗೊತ್ತಿರುವುದೇ ಅಡ್ಡಿ. ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ 1990ರಲ್ಲಿ ಒಂದು ಆಟದಂಥ ಪ್ರಯೋಗ ಮಾಡಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಬಡಿಯಬೇಕು, ಎದುರಿಗೆ ಕೂತವರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟಾದರೂ ಗುರುತಿಸುತ್ತಾರೆ ಎಂದು ಬಡಿಯುವವರ ಊಹೆ. ಬಡಿದ 120 ಹಾಡುಗಳಲ್ಲಿ ಗುರುತಿಸಿದ್ದು 3. ಬಡಿಯುವವರ ತಲೆಯೊಳಗೆ ರಾಗ, ಸಾಹಿತ್ಯ ಎಲ್ಲ ಮೊಳಗುತ್ತಿರುತ್ತದೆ. ಕೇಳುವವರ ಕಿವಿಗೆ ಬೀಳುವುದು ಮೇಜಿನ ಟಕಟಕ. ಇಪ್ಪತ್ತು ವರ್ಷ ಭಿನ್ನರಾಶಿ ಕಲಿಸಿದವರು ವಿಡಿಯೊದಲ್ಲಿ ‘ಲ.ಸಾ.ಅ. ತಗೊಂಡ್ರೆ ಆಯ್ತು’ ಎನ್ನುವಾಗ ಆಗುವುದೂ ಇದೇ.

ಚನ್ನಪಟ್ಟಣದ ಕಡಚಲು ಕಸುಬಿನಲ್ಲಿ ಇದು ಇನ್ನೂ ನಿಚ್ಚಳ. ಆಲೆ ಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಎಷ್ಟು ಒತ್ತಬೇಕು? ಕಸುಬುದಾರನ ಅಂಗೈಗೆ ಅದು ಗೊತ್ತು, ಕ್ಯಾಮೆರಾಕ್ಕೆ ಗೊತ್ತಿಲ್ಲ. ಎಷ್ಟೇ ಚೆಂದದ ವಿಡಿಯೊ ಆದರೂ ಒತ್ತಡ ಕಾಣಿಸುವುದಿಲ್ಲ. ಮಾಡುವವನಿಗೆ ಇದು ಹೇಳಬೇಕಾದ ಸಂಗತಿ ಎಂದೇ ಹೊಳೆಯುವುದಿಲ್ಲ. ಹೊಸಬನೊಬ್ಬ ವಿಡಿಯೊ ನೋಡಿ ಕಡ್ಡಿ ಹಿಡಿದು, ಅರಗು ಗಂಟುಗಂಟಾಗಿ ಮೆತ್ತಿಕೊಂಡಾಗ ಮಾತ್ರ ಪಾಠದಲ್ಲಿ ಏನು ಬಿಟ್ಟುಹೋಗಿದೆ ಎಂದು ತಿಳಿಯುತ್ತದೆ. ‘ವಿಡಿಯೊ ಹೇಗಿತ್ತು?’ ಎಂದು ಅವನನ್ನೇ ಕೇಳಿದ್ದರೆ ‘ಚೆನ್ನಾಗಿತ್ತಣ್ಣ’ ಎಂದಿರುತ್ತಿದ್ದ.

ಬಾಕ್ಸ್ | ಉಪಗ್ರಹ ಪಾಠಕ್ಕೆ ಹಳ್ಳಿಯ ಕಾವಲು
*1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ಮತ್ತು ಆಕಾಶವಾಣಿ ಸೇರಿ ‘ಸೈಟ್’ ಪ್ರಯೋಗ ನಡೆಸಿದವು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಪಾಠ. ಕರ್ನಾಟಕದಿಂದ ಇದ್ದದ್ದು ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ತಂತ್ರಜ್ಞಾನದ ಸುದ್ದಿಯಲ್ಲಿ ಮರೆತುಹೋದ ಸಂಗತಿ: ಕಾರ್ಯಕ್ರಮ ಜನರಿಗೆ ಹೇಗೆ ತಲುಪುತ್ತಿದೆ ಎಂದು ಗಮನಿಸಲು ಮಾನವಶಾಸ್ತ್ರಜ್ಞರು ಕೆಲವು ಹಳ್ಳಿಗಳಲ್ಲಿ ಮನೆಮಾಡಿಕೊಂಡೇ ಇದ್ದರು.*

ಬಿ.ಇಡಿ. ರೆಕಾರ್ಡಿನಲ್ಲಿ ಧೂಳು ತಿನ್ನುತ್ತಿರುವ ಉಪಾಯ

ಪರಿಹಾರಕ್ಕಾಗಿ ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ವರೆಗೆ ಹೋಗಬೇಕಿಲ್ಲ ಎನ್ನುವುದೇ ಈ ಕಥೆಯ ವಿಚಿತ್ರ. ಬಿ.ಇಡಿ. ಮಾಡಿದ ಪ್ರತಿಯೊಬ್ಬ ಶಿಕ್ಷಕರೂ ‘ಸೂಕ್ಷ್ಮ ಬೋಧನೆ’ ಮಾಡಿರುತ್ತಾರೆ, ರೆಕಾರ್ಡ್ ಬರೆದಿರುತ್ತಾರೆ, ಸಹಿ ಹಾಕಿಸಿರುತ್ತಾರೆ. (ಹುಟ್ಟಿದ್ದು ಸ್ಟ್ಯಾನ್‌ಫರ್ಡ್‌ನಲ್ಲೇ, 1960ರ ದಶಕದ ಆರಂಭದಲ್ಲಿ, ಆದರೆ ನಮ್ಮಲ್ಲಿ ಅದು ಬಹಳ ಹಿಂದೆಯೇ ಮನೆಯ ವಸ್ತುವಾಗಿದೆ.) ಒಂದೇ ಕೌಶಲ ಹಿಡಿದು ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಪಾಠ, ಮತ್ತೆ ಆರು ನಿಮಿಷ ಹಿಮ್ಮಾಹಿತಿ. ಒಟ್ಟು 36 ನಿಮಿಷ. ಇಲ್ಲಿ ಒಂದೇ ಹಂತದಲ್ಲಿ ಅತಿ ಹೆಚ್ಚು ಸಮಯ ಸಿಗುವುದು ತಿದ್ದುವುದಕ್ಕೆ, ಮತ್ತು ಎರಡನೇ ಸಲ ಪಾಠ ಮಾಡದೆ ಚಕ್ರ ಮುಗಿಯುವುದಿಲ್ಲ. ಆನ್‌ಲೈನ್ ಪಾಠಕ್ಕೆ ಇದಕ್ಕಿಂತ ಒಪ್ಪುವ ವಿಧಾನ ಬೇರೆ ಇಲ್ಲ. ಆದರೂ ರೆಕಾರ್ಡ್ ಪುಸ್ತಕ ಅಟ್ಟ ಸೇರಿದ ದಿನವೇ ಈ ಅಭ್ಯಾಸವೂ ಅಟ್ಟ ಸೇರುತ್ತದೆ. ತರಗತಿಯಲ್ಲಿ ಕಲಿಸುವುದಕ್ಕೆ ಇದು ಸ್ವಲ್ಪ ಕೃತಕ ಎಂಬ ದೂರು ಮೊದಲಿನಿಂದಲೂ ಇದೆ, ಅದರಲ್ಲಿ ಹುರುಳೂ ಇದೆ. ಆರು ನಿಮಿಷದ ವಿಡಿಯೊಗೆ ಆ ದೂರು ಹೊಂದುವುದಿಲ್ಲ.

ರಾಜ್ಯಮಟ್ಟದಲ್ಲೂ ನಮಗೊಂದು ಪೂರ್ವಜನ್ಮದ ಪುಣ್ಯವಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿ-ಕಲಿ. ಅಲ್ಲಿಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿಬಂದು, ತಾವೇ ಕಲಿಕಾ ಕಾರ್ಡುಗಳನ್ನು ಬರೆದರು, ತಮ್ಮದೇ ತರಗತಿಗಳಲ್ಲಿ ಬಳಸಿದರು, ಮಕ್ಕಳು ಎಡವಿದ ಕಡೆ ತಿದ್ದಿದರು. ಅವರು ತಯಾರಕರೂ ಹೌದು, ಪರೀಕ್ಷಕರೂ ಹೌದು, ಬಳಸುವವರೂ ಹೌದು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಅದು ಹರಡಿದಾಗ ಕಾರ್ಡು ಎಲ್ಲರಿಗೂ ಸಿಕ್ಕಿತು, ತಿದ್ದುವ ಹಕ್ಕು ಅಷ್ಟೇ ಸಲೀಸಾಗಿ ಎಲ್ಲರಿಗೂ ಸಿಗಲಿಲ್ಲ. ನಲಿ-ಕಲಿಯ ಕುರಿತ ಈಗಿನ ಗೊಣಗಾಟದಲ್ಲಿ ಅರ್ಧ ಇಲ್ಲಿಂದಲೇ ಹುಟ್ಟಿದ್ದು ಎಂಬುದು ನನ್ನ ಗುಮಾನಿ. ಮುದ್ರಿತ ಕಾರ್ಡು ತಿದ್ದಲು ಅಚ್ಚುಮನೆ ಬೇಕಿತ್ತು. ಫೋನಿನಲ್ಲಿ ಮಾಡಿದ ಪಾಠ ತಿದ್ದಲು ಒಂದು ಸಂಜೆ ಸಾಕು. ಎಚ್.ಡಿ. ಕೋಟೆಯವರಿಗೆ ಇಲ್ಲದ ಸೌಕರ್ಯ ಮಾಗಡಿ, ಕನಕಪುರದವರಿಗಿದೆ.

ಐದು ಜನ ಸಾಕೆ?

ಇಲ್ಲಿ ಮೊದಲ ತಕರಾರು ಏಳುತ್ತದೆ: ಒಂದಿಬ್ಬರು ಮಕ್ಕಳ ಪಕ್ಕ ಕೂತು ನೋಡಿದ್ದನ್ನು ನಂಬುವುದು ಹೇಗೆ, ಸಾವಿರಾರು ಜನರ ರೇಟಿಂಗ್‌ಗಿಂತ ಅದು ಹೆಚ್ಚೆ? ತಕರಾರಿನಲ್ಲಿ ಸತ್ಯವಿದೆ. ಜಿಲ್ಲೆಯ ಶೇಕಡಾ ಎಷ್ಟು ಮಕ್ಕಳು ಭಿನ್ನರಾಶಿ ಕಲಿತರು ಎಂದು ಹೇಳಲು ಐವರು ಸಾಲದು. ಆದರೆ ಪಾಠದಲ್ಲಿ ಮುಗ್ಗರಿಸುವ ಕಲ್ಲು ಎಲ್ಲಿದೆ ಎಂದು ಹುಡುಕುವುದು ಬೇರೆಯೇ ಕೆಲಸ. ಜಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಕಂಪ್ಯೂಟರ್ ತೆರೆಗಳ ಮೇಲೆ ನಡೆಸಿದ ಲೆಕ್ಕಾಚಾರದ ಆಧಾರದಲ್ಲಿ, ಐದು ಜನ ಬಳಸುವುದನ್ನು ನೋಡಿದರೆ ತೊಡಕುಗಳಲ್ಲಿ ಸುಮಾರು ಶೇ 85 ಕಣ್ಣಿಗೆ ಬೀಳುತ್ತವೆ ಎಂದು ನೀಲ್ಸನ್ ಆಮೇಲೆ ವಾದಿಸಿದರು. ಆ ಅಂಕಿ ಎಲ್ಲ ಕಡೆ ನಿಲ್ಲದು ಎಂದು ತಕರಾರು ತೆಗೆದವರೂ ಇದ್ದಾರೆ. ಪಾಠಕ್ಕೆ ಅದನ್ನು ಯಥಾವತ್ ಹಚ್ಚಲೂಬಾರದು. ಆದರೂ ತರ್ಕ ಗಟ್ಟಿ. ಐವರಲ್ಲಿ ನಾಲ್ವರು ಒಂದೇ ಜಾಗದಲ್ಲಿ ವಿಡಿಯೊ ಹಿಂದಕ್ಕೆಳೆದರೆ ಆರನೆಯವರನ್ನು ಕಾಯುವುದು ದಡ್ಡತನ. ಯಾವ ಐವರು ಎಂಬುದರಲ್ಲಿ ಮಾತ್ರ ಎಚ್ಚರ ಬೇಕು. ಪಾಠ ತೋರಿಸಿ ಎಂದಾಕ್ಷಣ ನಾವು ಕರೆಯುವುದು ಮುಂದಿನ ಬೆಂಚಿನ ಜಾಣರನ್ನು. ಕರೆಯಬೇಕಾದದ್ದು ಕನಕಪುರದ ಕಾಡಂಚಿನ ಊರಿನಿಂದ ಬರುವ, ಅಪ್ಪನ ಫೋನು ರಾತ್ರಿ ಮಾತ್ರ ಸಿಗುವ, ಸಿಕ್ಕಾಗ ನೆಟ್‌ವರ್ಕ್ ಕೈಕೊಡುವ ಹುಡುಗಿಯನ್ನು.

ಎರಡನೇ ತಕರಾರು ತಜ್ಞರದ್ದು. ಕಲಿಯುವವರಿಗೆ ವಿಷಯದ ತಪ್ಪು ಗೊತ್ತಾಗದಲ್ಲ? ನಿಜ, ಅದಕ್ಕೇ ತಜ್ಞರೂ ಬೇಕು. ಹುಳುಮನೆ ಸೋಂಕು ನಿವಾರಣೆಯ ಪಾಠವನ್ನೇ ತೆಗೆದುಕೊಳ್ಳಿ. ಶೇ 2ರ ಬ್ಲೀಚಿಂಗ್ ಪುಡಿ ದ್ರಾವಣಕ್ಕೆ ತುಸು ಸುಣ್ಣ ಸೇರಿಸಿ ಸಿಂಪಡಿಸಬೇಕು. ಇಲ್ಲಿ ಅಂಕಿ ತಪ್ಪಿದರೆ ಹಾಲುತೊಂಡೆ, ಸುಣ್ಣಕಟ್ಟು ರೋಗ ಬಂದು ಬೆಳೆಯೇ ಹೋಗಬಹುದು. ತಲಘಟ್ಟಪುರದ ರೇಷ್ಮೆ ಸಂಶೋಧನಾ ಸಂಸ್ಥೆಯವರಂಥ ಬಲ್ಲವರು ನೋಡದೆ ಇಂಥ ಪಾಠ ಹೊರಬೀಳಬಾರದು. ಆದರೆ ಬಲ್ಲವರು ‘ಶೇ 2 ಸರಿಯಿದೆ’ ಎಂದು ಸಹಿ ಹಾಕಿದ ಮೇಲೂ ಪಾಠ ಸೋಲಬಹುದು. ನೋಡಿ ಮುಗಿಸಿದ ರೈತನನ್ನು ‘ಅಣ್ಣಾ, ಹತ್ತು ಲೀಟರ್ ಬಕೀಟಿಗೆ ಎಷ್ಟು ಪುಡಿ ಹಾಕ್ತೀರಾ?’ ಎಂದು ಕೇಳಿ. ಇನ್ನೂರು ಗ್ರಾಂ ಎಂದರೆ ಪಾಠ ಗೆದ್ದಿತು. ‘ಎರಡು ಹಿಡಿ’ ಎಂದರೆ ಶೇಕಡಾ ಎಂಬ ಮಾತನ್ನೇ ತೆಗೆದು ಬಕೀಟು, ತಕ್ಕಡಿ ತೋರಿಸಬೇಕು. ತಜ್ಞರ ಕಣ್ಣು ಪಾಠದ ಮೇಲಿರುತ್ತದೆ, ಇನ್ನೊಂದು ಕಣ್ಣು ಬಕೀಟಿನ ಮೇಲಿರಬೇಕು.

ಹೇಳುವವರ ಕಷ್ಟ

ಪ್ರತಿಕ್ರಿಯೆ ಪಡೆಯುವುದಕ್ಕಿಂತ ಕೊಡುವುದು ನಮ್ಮ ನಾಡಿನಲ್ಲಿ ಹೆಚ್ಚು ಬಿಕ್ಕಟ್ಟಿನ ಕೆಲಸ. ಹಿರಿಯ ಶಿಕ್ಷಕರ ವಿಡಿಯೊ ಗುಂಪಿಗೆ ಬಿದ್ದಾಗ ಕಿರಿಯರು ತಪ್ಪು ಹೇಳುವುದುಂಟೆ? ಕೈಮುಗಿದ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಇದಕ್ಕೆ ಹಳೆಯ ಬೇರೂ ಇದೆ. ಶಾಲೆಗೆ ಹೊರಗಿನವರು ಬಂದು ಪಾಠ ನೋಡುವುದೆಂದರೆ ತಲೆಮಾರುಗಳಿಂದ ಇನ್‌ಸ್ಪೆಕ್ಷನ್ ಎಂದೇ ಅರ್ಥ. ಅವರ ಮಾತು ಸಂದರ್ಶನ ಪುಸ್ತಕದಲ್ಲಿ ದಾಖಲಾಗಿ ಶಾಶ್ವತವಾಗಿ ಉಳಿಯುತ್ತದೆ. ತಪ್ಪು ಹೇಳಿಸಿಕೊಳ್ಳುವುದು ಕಡತಕ್ಕೆ ಸೇರುವ ವ್ಯವಸ್ಥೆಯಲ್ಲಿ ಯಾರೂ ಮನಸ್ಸು ಬಿಚ್ಚಿ ತಪ್ಪು ತೋರಿಸಿ ಎನ್ನುವುದಿಲ್ಲ. ಆದ್ದರಿಂದ ಸಂಕೋಚವನ್ನು ಬರೀ ಸ್ವಭಾವದ ದೋಷವೆಂದು ಬೈದು ಫಲವಿಲ್ಲ.

ಜೊತೆಗೆ, ಹೇಳಿದ್ದೆಲ್ಲ ಒಳಿತೇ ಮಾಡುತ್ತದೆ ಎಂಬ ನಂಬಿಕೆಯೂ ಟೊಳ್ಳು. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡೆನಿಸಿ ದಶಕಗಳ ಅಧ್ಯಯನಗಳನ್ನು ಒಟ್ಟುಹಾಕಿ 1996ರಲ್ಲಿ 607 ಫಲಿತಾಂಶಗಳನ್ನು ತೂಗಿ ನೋಡಿದರು. ಸರಾಸರಿಯಲ್ಲಿ ಹಿಮ್ಮಾಹಿತಿಯಿಂದ ಲಾಭವೇ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಹಿಮ್ಮಾಹಿತಿ ಸಿಕ್ಕವರ ಕೆಲಸ ಮೊದಲಿಗಿಂತ ಕೆಟ್ಟಿತ್ತು! ಮಾತು ಕೆಲಸವನ್ನು ಬಿಟ್ಟು ವ್ಯಕ್ತಿಯ ಕಡೆ ಹೊರಳಿದಷ್ಟೂ ಲಾಭ ಕುಗ್ಗುತ್ತದೆ ಎಂಬುದು ಅವರ ವಿವರಣೆ. ‘ನೀವು ಬಹಳ ಪ್ರತಿಭಾವಂತರು ಮೇಡಂ’ ಎಂಬುದೂ ಆ ಪಟ್ಟಿಗೇ ಸೇರುತ್ತದೆ, ‘ನಿಮಗೆ ತಂತ್ರಜ್ಞಾನ ಒಗ್ಗೋದಿಲ್ಲ ಬಿಡಿ’ ಎಂಬುದೂ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಶಾಲಾ ಮಕ್ಕಳಲ್ಲಿ ಕಂಡದ್ದು ಇನ್ನೂ ಕುತೂಹಲದ್ದು: ಬರಹದ ಟಿಪ್ಪಣಿ ಮಾತ್ರ ಪಡೆದವರು ಸುಧಾರಿಸಿದರು, ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಿಗೆ ಟಿಪ್ಪಣಿಯ ಲಾಭ ದಕ್ಕಲಿಲ್ಲ. ಅಂಕ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಸ್ಟಾರು ಕೊಟ್ಟು ಅದರ ಕೆಳಗೆ ಉದ್ದ ಅಭಿಪ್ರಾಯ ಬರೆಯುವವರು ಇದನ್ನು ಗಮನಿಸಬೇಕು.

ಹಾಗಾದರೆ ಕಿರಿಯರು ಹಿರಿಯರಿಗೆ ಹೇಳುವ ದಾರಿ ಯಾವುದು? ತಮ್ಮ ತೀರ್ಪನ್ನು ಬದಿಗಿಟ್ಟು, ಮಕ್ಕಳು ಮಾಡಿದ್ದನ್ನು ವರದಿ ಮಾಡುವುದು. ‘ಸಾರ್, ನಿಮ್ಮ ಪಾಠ ಕಷ್ಟ ಆಯ್ತು’ ಎನ್ನಲು ಧೈರ್ಯ ಬೇಕು, ಎಂದರೂ ಉಪಯೋಗ ಅಲ್ಪ. ‘ಸಾರ್, ಮೂರನೇ ನಿಮಿಷದಲ್ಲಿ ಲ.ಸಾ.ಅ. ಅಂದ್ರಲ್ಲ, ನಮ್ಮ ಐದು ಮಕ್ಕಳಲ್ಲಿ ನಾಲ್ಕು ಅಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದ್ವು. ಮೂವರು ಐದನೇ ಎರಡು ಅಂತ ಬರೆದರು, ಹಾಳೆ ಫೋಟೊ ಕಳಿಸಿದ್ದೀನಿ’ ಎನ್ನುವುದರಲ್ಲಿ ಅವಿಧೇಯತೆ ಎಳ್ಳಷ್ಟೂ ಇಲ್ಲ. ಯಾರ ಮಾನವೂ ಹೋಗುವುದಿಲ್ಲ. ಹಿರಿಯರಿಗೆ ಏನು ಮಾಡಬೇಕೆಂದು ಹೇಳುವ ಪ್ರಮೇಯವೂ ಇಲ್ಲ. ಅಷ್ಟು ವರ್ಷದ ಅನುಭವಕ್ಕೆ ಆ ಹಾಳೆಯ ಫೋಟೊ ಸಾಕು. ಜಾಗ, ಮಗು ಮಾಡಿದ್ದು, ಬರೆದ ಉತ್ತರ – ಇಷ್ಟಿರುವ ಎರಡು ಸಾಲು ಐವತ್ತು ‘ಸೂಪರ್’ಗಳಿಗಿಂತ ತೂಕದ್ದು. ಹೊಗಳಬೇಡಿ ಎಂದೇನೂ ಅಲ್ಲ. ರಾತ್ರಿ ಹನ್ನೊಂದಕ್ಕೆ ಕೂತು ಪಾಠ ಮಾಡಿದವರಿಗೆ ಒಂದು ಒಳ್ಳೆಯ ಮಾತು ನ್ಯಾಯವಾಗಿ ಸಲ್ಲಬೇಕು. ಆದರೆ ಅದನ್ನೂ ಜಾಗ ತೋರಿಸಿಯೇ ಹೇಳಬಹುದಲ್ಲ: ‘ರೊಟ್ಟಿ ಮುರಿದು ತೋರಿಸಿದ ಕಡೆ ಮಕ್ಕಳು ಮಾತೇ ನಿಲ್ಲಿಸಿದರು.’ ಮುಂದಿನ ಪಾಠದಲ್ಲಿ ಏನನ್ನು ಉಳಿಸಿಕೊಳ್ಳಬೇಕು ಎಂಬುದೂ ಅದರಿಂದ ತಿಳಿಯುತ್ತದೆ.

ಬಾಕ್ಸ್ | ಆರು ನಿಮಿಷದ ಗಡಿ
*ಎಡ್‌ಎಕ್ಸ್ ವೇದಿಕೆಯ ನಾಲ್ಕು ಕೋರ್ಸ್‌ಗಳಲ್ಲಿ ವಿಡಿಯೊ ನೋಡಿದ 69 ಲಕ್ಷ ಸಂದರ್ಭಗಳ ದಾಖಲೆಯನ್ನು ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ವಿಡಿಯೊ ಆರು ನಿಮಿಷದೊಳಗಿದ್ದರೆ ಹೆಚ್ಚಿನವರು ಪೂರ್ತಿ ನೋಡುತ್ತಾರೆ, ಅದು ದಾಟಿದಂತೆ ಗಮನ ಕುಸಿಯುತ್ತದೆ. ದುಬಾರಿ ಸ್ಟುಡಿಯೊದ ವಿಡಿಯೊಗಿಂತ, ಮೇಜಿನ ಮುಂದೆ ಕೂತು ಆಪ್ತವಾಗಿ ಹೇಳಿದ ಪಾಠವನ್ನು ಜನ ಹೆಚ್ಚು ಹೊತ್ತು ನೋಡಿದ್ದರು.*

ಸಮಯ ಎಲ್ಲಿದೆ ಸ್ವಾಮಿ?

ಉಳಿದದ್ದು ಅತಿ ನ್ಯಾಯವಾದ ತಕರಾರು. ಬಿಸಿಯೂಟದ ಲೆಕ್ಕ, ಹಾಜರಾತಿ ಆ್ಯಪ್, ಗಣತಿ, ಚುನಾವಣಾ ಕೆಲಸ, ಇವೆಲ್ಲದರ ನಡುವೆ ಪಾಠ ತಯಾರಿಸುವುದೇ ದೊಡ್ಡದು, ಇನ್ನು ಪಕ್ಕ ಕೂತು ನೋಡುವುದೆಲ್ಲಿ? ಹೊಸದೊಂದು ಸಭೆ, ಹೊಸದೊಂದು ನಮೂನೆ ಹೊರಿಸಿದರೆ ಈ ಮಾತಿಗೆ ಉತ್ತರವಿಲ್ಲ. ಆದರೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಹೇಗೂ ಇವೆ. ಅಲ್ಲಿ ಸುತ್ತೋಲೆ ಓದುವುದನ್ನು ಸ್ವಲ್ಪ ಕಡಿಮೆ ಮಾಡಿ – ಓದಲು ಎಲ್ಲರ ಫೋನಿನಲ್ಲೂ ಸುತ್ತೋಲೆ ಇದ್ದೇ ಇರುತ್ತದೆ – 36 ನಿಮಿಷ ಒಂದೇ ಒಂದು ಪಾಠಕ್ಕೆ ಕೊಡುವುದು ಅಸಾಧ್ಯವಲ್ಲ. ಸಭೆ ನಡೆಯುವ ಶಾಲೆಯಲ್ಲಿ ಮಕ್ಕಳೂ ಇರುತ್ತಾರೆ. ಇನ್ನೂ ಮುಖ್ಯವಾದದ್ದು ಯಾವಾಗ ತೋರಿಸಬೇಕು ಎಂಬ ಪ್ರಶ್ನೆ. ಸಂಗೀತ ಸೇರಿಸಿ, ಶೀರ್ಷಿಕೆ ಹೊಳೆಯಿಸಿ, ಅಪ್‌ಲೋಡ್ ಮಾಡಿದ ಮೇಲೆ ತಪ್ಪು ಕೇಳಿದರೆ ಯಾರ ಮನಸ್ಸಿಗಾದರೂ ನೋವಾಗುತ್ತದೆ, ತಿದ್ದಲು ಕೈಯೂ ಬರುವುದಿಲ್ಲ. ಒರಟಾಗಿ ರೆಕಾರ್ಡ್ ಮಾಡಿದ ಮೊದಲ ಕರಡನ್ನೇ, ಸಾಧ್ಯವಾದರೆ ಹಾಳೆಯ ಮೇಲೆ ಬರೆದ ಹಂತದಲ್ಲೇ ಎರಡು ಮಕ್ಕಳ ಮುಂದೆ ಇಟ್ಟರೆ ಸಮಯ ಖರ್ಚಾಗುವುದಕ್ಕಿಂತ ಉಳಿಯುವುದೇ ಹೆಚ್ಚು.

2007ರಲ್ಲಿ ರಾಮನಗರ ಜಿಲ್ಲೆಯಾಗಿ ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಹೊತ್ತ ಈ ಜಿಲ್ಲೆಯ ತಾಲ್ಲೂಕುಗಳು ಇದಕ್ಕೆ ಅನುಕೂಲವಾದ ಜಾಗ. ಚನ್ನಪಟ್ಟಣದ ಪೇಟೆ ಶಾಲೆ, ಮಾಗಡಿಯ ಒಣಭೂಮಿಯ ಹಳ್ಳಿ, ಕನಕಪುರದ ಕಾಡಂಚು ಎಲ್ಲ ಒಂದೇ ಜಿಲ್ಲೆಯೊಳಗಿವೆ. ಒಂದು ಕಡೆ ತಯಾರಾದ ಪಾಠವನ್ನು ಇನ್ನೊಂದು ಕಡೆಯ ಮಕ್ಕಳ ಮೇಲೆ ನೋಡಬಹುದು. ತಯಾರಿಸಿದವರು ಅಲ್ಲಿರಬೇಕಾಗಿಲ್ಲ; ಇರದಿದ್ದರೇ ಒಳ್ಳೆಯದು. ಇದ್ದರೆ ‘ಅದು ಹಾಗಲ್ಲ ಮಗು’ ಎಂದು ಬಾಯಿ ಹಾಕದೆ ಇರಲಾರರು, ಮತ್ತು ಆನ್‌ಲೈನ್ ಪಾಠದ ನಿಜವಾದ ಬಳಕೆಯಲ್ಲಿ ಬಾಯಿ ಹಾಕಲು ಅವರಿರುವುದಿಲ್ಲ.

ತಾಂತ್ರಿಕವಾಗಿ ಒಂದು ಮಾತು. ಯೂಟ್ಯೂಬಿಗೆ ಏರಿಸಿದ ವಿಡಿಯೊದಲ್ಲಿ ತುಂಡು ಕತ್ತರಿಸಬಹುದು, ಅದರ ಜಾಗಕ್ಕೆ ಹೊಸ ವಿಡಿಯೊ ಕೂರಿಸಲಾಗದು. ಹೊಸದನ್ನು ಏರಿಸಿದರೆ ಕೊಂಡಿಯೂ ಹೊಸದು, ಹಳೆಯ ಲೈಕುಗಳೂ ಹೋದವು. ನಲವತ್ತು ನಿಮಿಷದ ಒಂದೇ ಪಾಠ ಮಾಡಿದವರು ತಪ್ಪು ಗೊತ್ತಾದರೂ ಅದನ್ನು ಸಮರ್ಥಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಐದೈದು ನಿಮಿಷದ ಎಂಟು ತುಂಡುಗಳಾಗಿ ಮಾಡಿದ್ದರೆ ಎಡವಿದ ಒಂದನ್ನಷ್ಟೇ ಮತ್ತೆ ಮಾಡಬಹುದು. ಪಠ್ಯಪುಸ್ತಕದ ಕ್ಯೂಆರ್ ಕೋಡಿನ ವ್ಯವಸ್ಥೆ ಈ ದೃಷ್ಟಿಯಿಂದ ಜಾಣತನದ್ದು. ಅಚ್ಚಾದ ಕೋಡು ಹಾಗೇ ಇರುತ್ತದೆ, ಅದರ ಹಿಂದೆ ಜೋಡಿಸಿದ ಪಾಠವನ್ನು ಬದಲಾಯಿಸಬಹುದು. ಜೂನ್‌ನಲ್ಲಿ ಮಕ್ಕಳ ಕೈಗೆ ಬಂದ ಪುಸ್ತಕದ ಅದೇ ಪುಟಕ್ಕೆ ಡಿಸೆಂಬರ್‌ನಲ್ಲಿ ಫೋನು ಹಿಡಿದರೆ ತಿದ್ದಿದ ಪಾಠ ತೆರೆಯಲು ಅಡ್ಡಿಯೇನೂ ಇಲ್ಲ. ಮೂರನೇ ನಿಮಿಷದಲ್ಲಿ ಏನಾಯಿತು ಎಂಬ ಎರಡು ಸಾಲು ಅಷ್ಟರೊಳಗೆ ಪಾಠ ಮಾಡಿದವರ ಕೈ ಸೇರಿರಬೇಕು.